ಐನ್‌ಮನೆ ಉಳಿಸಿಕೊಳ್ಳುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಒಕ್ಕದ (ಮನೆತನದ) ಸಭೆಗಳಲ್ಲಿ, ಪುತ್ತರಿಗೆ (ಸುಗ್ಗಿಯ ಹಬ್ಬಕ್ಕೆ) ಊರಿಗೆ ಬಂದವರ ಮಾತಿನಲ್ಲಿ, ಬರುವ ಕಾಗದಗಳಲ್ಲಿ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಗಳು ಇವು. ಕೇಳಿದವರ ಮಾತನ್ನು ಆದಷ್ಟು ಹಾಗೇ ಉಳಿಸಿದ್ದೇನೆ. ಕೊಡಗಿನ ಹೊರಗಿನವರೂ ಕೇಳುವುದರಿಂದ ಮೊದಲ ಭಾಗ ಅವರಿಗಾಗಿ. ಮಾಡು (ಮನೆಯ ಚಾವಣಿ) ಸೋರುತ್ತಿದೆ ಎಂಬ ಗಾಬರಿಯಲ್ಲಿರುವವರು ನೇರ ಮೂರನೇ ಭಾಗಕ್ಕೆ ಹೋಗಬಹುದು.

## 1. ಪರಿಚಯ

ಐನ್‌ಮನೆ ಅಂದ್ರೆ ಹಳೇ ಕಾಲದ ದೊಡ್ಡ ತೊಟ್ಟಿಮನೆ, ಅಷ್ಟೇ ಅಲ್ವಾ?

ದೊಡ್ಡದಾಗಿರಲೇಬೇಕೆಂದಿಲ್ಲ, ತೊಟ್ಟಿ ಇರಲೇಬೇಕೆಂದೂ ಇಲ್ಲ. ಒಬ್ಬನೇ ಮೂಲಪುರುಷನಿಂದ ಬಂದ, ಒಂದೇ ಮನೆಹೆಸರಿನ ಕುಟುಂಬಗಳೆಲ್ಲ ಸೇರಿ ಒಂದು ಒಕ್ಕ. ಆ ಒಕ್ಕದ ಮೂಲಮನೆಯೇ ಐನ್‌ಮನೆ. ನಾಲ್ಕು ಕಡೆ ಅಂಕಣವಿದ್ದು ನಡುವೆ ಅಂಗಳ ತೆರೆದಿರುವ ಭಾರೀ ಮನೆಗಳೂ ಇವೆ, ಅಂಗಳವಿಲ್ಲದ ಚಿಕ್ಕ ಮನೆಗಳೂ ಇವೆ. ಎರಡಕ್ಕೂ ಗೌರವ ಒಂದೇ.

ಐನ್‌ಮನೆ ಯಾರೊಬ್ಬರ ಸ್ವಂತವೂ ಅಲ್ಲ. ಮೊದಲು ಇಡೀ ಕೂಡುಕುಟುಂಬ ಅದೇ ಸೂರಿನಡಿ ಇತ್ತು. 19ನೇ ಶತಮಾನದ ನಡುವಿನಿಂದ ಕಾಫಿ ಹಬ್ಬಿದ ಮೇಲೆ ಒಬ್ಬೊಬ್ಬರೇ ತಮ್ಮ ತಮ್ಮ ತೋಟದಲ್ಲಿ ಮನೆ ಕಟ್ಟಿಕೊಂಡು ಹೊರಟರು. ಆಮೇಲೆ ಸೈನ್ಯ, ಬೆಂಗಳೂರು, ಹೊರದೇಶ. ಹಾಗಾಗಿ ಇವತ್ತು ಎಷ್ಟೋ ಐನ್‌ಮನೆಗಳಲ್ಲಿ ಒಂದು ಸಂಸಾರ ಮಾತ್ರ ಇರುತ್ತದೆ, ಇಲ್ಲವೇ ಯಾರೂ ಇರುವುದಿಲ್ಲ. ಹಬ್ಬಕ್ಕೆ ಮಾತ್ರ ತುಂಬುತ್ತದೆ. ನೂರಾರು ಮಂದಿ ಮಾಲೀಕರಿದ್ದೂ ದಿನಾ ನೋಡಿಕೊಳ್ಳುವವರಿಲ್ಲದ ಮನೆ ಎಂಬುದೇ ಈ ಪುಟದ ಅರ್ಧ ಪ್ರಶ್ನೆಗಳ ಮೂಲ.

ಇದು ಕೊಡವರದ್ದು ಮಾತ್ರವಾ?

ಅಲ್ಲ. ಅರೆಭಾಷೆ ಗೌಡರಿಗೂ ಕೊಡಗಿನ ಇನ್ನೂ ಕೆಲವು ಮೂಲ ಸಮುದಾಯಗಳಿಗೂ ಐನ್‌ಮನೆಗಳಿವೆ. ದುರಸ್ತಿಯ ಮಾತು ಎಲ್ಲಕ್ಕೂ ಅನ್ವಯಿಸುತ್ತದೆ. ಆಚಾರದ ವಿಷಯ ಮಾತ್ರ ಅವರವರ ಹಿರಿಯರನ್ನೇ ಕೇಳಬೇಕು.

ಮನೆಯ ಯಾವ ಭಾಗಗಳನ್ನು ಹೇಗಿದೆಯೋ ಹಾಗೇ ಉಳಿಸಲೇಬೇಕು?

ಒಮ್ಮೆ ನಡೆದುಕೊಂಡೇ ನೋಡೋಣ. ಗದ್ದೆಯ ಕಡೆಯಿಂದಲೋ ರಸ್ತೆಯಿಂದಲೋ ಎರಡೂ ಬದಿ ದಿಣ್ಣೆಯೆದ್ದ ಓಣಿ ಹಿಡಿದು ಬರುತ್ತೇವೆ. ಹತ್ತಿರದಲ್ಲೇ ಗುರುಕಾರೋಣನ, ಅಂದರೆ ಒಕ್ಕದ ಮೂಲಪುರುಷನ, ಗುಡಿ: ಕೈಮಡ. ಮೆಟ್ಟಿಲು ಹತ್ತಿದರೆ ಕಯ್ಯಾಲೆ, ಅಂದರೆ ಮುಂದಿನ ಜಗಲಿ. ಅಲ್ಲಿ ಕಂಬದಿಂದ ಕಂಬಕ್ಕೆ ಹಾಸಿದ ಅಗಲವಾದ ಮರದ ಹಲಗೆಯೇ ಐಮರ. ಹಿರಿಯರು ಕೂತು ಪಂಚಾಯಿತಿ ನಡೆಸಿದ ಜಾಗ. ಕೆತ್ತನೆಯ ಬಾಗಿಲು ದಾಟಿದರೆ ನೆಲ್ಲಕ್ಕಿ ನಡುಬಾಡೆ, ಅಂದರೆ ನಡುಮನೆ. ಅಲ್ಲಿ ತೂಗುವ ದೀಪ, ತೂಕ್ ಬೊಳ್ಚ. ನೈರುತ್ಯ ಮೂಲೆಯಲ್ಲಿ ಹಿರಿಯರ ಪೂಜೆಯ ಕೋಣೆ, ಕನ್ನಿ ಕೊಂಬರೆ.

ಇಷ್ಟರ ಸ್ಥಾನ ಬದಲಾಗಬಾರದು. ಅಡುಗೆಮನೆ, ಹಿಂದಿನ ಕೋಣೆಗಳು, ಬಚ್ಚಲು ಪ್ರತಿ ತಲೆಮಾರಿನಲ್ಲೂ ಬದಲಾಗುತ್ತ ಬಂದಿವೆ, ಇನ್ನೂ ಬದಲಾಗಬಹುದು. ಎಲ್ಲರೂ ಮರೆಯುವುದು ಓಣಿಯನ್ನು. ಲಾರಿ ಬರಲಿ ಎಂದು ಜೆಸಿಬಿ ಕರೆಸಿ ಓಣಿ ಅಗಲಿಸಿದರೆ ತಲೆಮಾರುಗಳು ನಡೆದ ದಾರಿ ಅರ್ಧ ದಿನದಲ್ಲಿ ಹೋಗುತ್ತದೆ, ಮತ್ತೆ ಬರುವುದಿಲ್ಲ. ಸಾಮಾನು ತರಲು ಹಿಂದಿನಿಂದ ಬೇರೆ ದಾರಿ ಮಾಡಿಕೊಳ್ಳಿ.

ನಮ್ಮ ಮನೆ ಮುನ್ನೂರು ವರ್ಷ ಹಳೇದು ಅಂತಾರೆ. ನಿಜ ಅಂತ ಹೇಗೆ ಗೊತ್ತಾಗುತ್ತೆ?

ಮನೆಯ ಎಲ್ಲ ಭಾಗಕ್ಕೂ ಒಂದೇ ವಯಸ್ಸಿರುವುದಿಲ್ಲ. ಬಾಗಿಲುವಾಡ ಹಳೆಯದಿರಬಹುದು, ಮಾಡು ಹೊಸದಿರಬಹುದು. ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಹಾಗಾಗಿ ಅದಕ್ಕೂ ಹಳೆಯ ಮನೆಗೆ ಮೊದಲು ಮಂಗಳೂರು ಹೆಂಚು ಇದ್ದಿರಲಾರದು, ಬಹುಶಃ ಹುಲ್ಲಿನ ಮಾಡು ಇದ್ದಿರಬೇಕು. ಒಂದು ಹೆಂಚನ್ನು ಇಳಿಸಿ ಮಗುಚಿ ನೋಡಿ: ಕಾರ್ಖಾನೆಯ ಹೆಸರು ಉಬ್ಬಾಗಿ ಮೂಡಿರುತ್ತದೆ. ಪಕ್ಕದಲ್ಲಿ ಇಸವಿ ಇದ್ದರೆ ಅದು ಕಾರ್ಖಾನೆ ಶುರುವಾದ ವರ್ಷವೂ ಇರಬಹುದು, ಆತುರಪಡಬೇಡಿ. ಹಳೆಯ ಜಮ್ಮಾ (ವಂಶಪಾರಂಪರ್ಯ ಭೂಮಿಯ) ದಾಖಲೆ, ಸನದು, ಹಿರಿಯರ ವಂಶಾವಳಿ, ಕಮ್ಮಾರ ಬಡಿದ ಮೊಳೆ, ಕೆತ್ತನೆಯ ರೀತಿ ಎಲ್ಲವನ್ನೂ ಕೂಡಿಸಿ ನೋಡಬೇಕು. ಇಸವಿ ಗಟ್ಟಿಯಾಗದಿದ್ದರೆ ಫಲಕದಲ್ಲಿ ಬರೆಸದಿರುವುದೇ ಒಳ್ಳೆಯದು.

ಇಷ್ಟು ಹಳೇ ಮನೆಗಳನ್ನ ಸರಕಾರವೇ ಯಾಕೆ ರಿಪೇರಿ ಮಾಡಿಸಬಾರದು?

ಹೆಚ್ಚುಕಡಿಮೆ ಎಲ್ಲ ಐನ್‌ಮನೆಗಳೂ ಒಕ್ಕದ ಖಾಸಗಿ ಆಸ್ತಿ. 1961ರ ರಾಜ್ಯ ಪ್ರಾಚೀನ ಸ್ಮಾರಕಗಳ ಕಾಯ್ದೆಯಡಿ ಸಂರಕ್ಷಿತ ಎಂದು ಘೋಷಣೆಯಾದ ಕಟ್ಟಡಕ್ಕೆ ಇಲಾಖೆಯ ಹೊಣೆ ಇರುತ್ತದೆ. ಜೊತೆಗೆ ಇಲಾಖೆಯ ಅನುಮತಿ, ನಿರ್ಬಂಧಗಳೂ ಬರುತ್ತವೆ. ಜನ ಬಾಳುವ, ಕಾರೋಣನಿಗೆ ಎಡೆ ಇಡುವ ಮನೆಗೆ ಅದು ಹೊಂದುವುದಿಲ್ಲ ಎಂದೇ ನನ್ನ ಅಭಿಪ್ರಾಯ.

ಸರಕಾರದ ದಾರಿ ಸರಿಹೋದ ಉದಾಹರಣೆಯೂ ಕೊಡಗಿನಲ್ಲೇ ಇದೆ. ಜನರಲ್ ತಿಮ್ಮಯ್ಯನವರ ಮಡಿಕೇರಿಯ ಮನೆ ಸನ್ನಿ ಸೈಡ್ ಬಹುಕಾಲ ಆರ್‌ಟಿಓ ಕಚೇರಿಯಾಗಿತ್ತು. ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಮತ್ತು ಜನರಲ್ ತಿಮ್ಮಯ್ಯ ಫೋರಂನವರು ಪಟ್ಟು ಬಿಡದೆ ಕೇಳುತ್ತ ಬಂದರು. ಕಚೇರಿ ಬೇರೆಡೆಗೆ ಹೋಯಿತು, ಮನೆ ದುರಸ್ತಿಯಾಯಿತು, 2021ರ ಫೆಬ್ರವರಿ 6ರಂದು ರಾಷ್ಟ್ರಪತಿ ರಾಮನಾಥ ಕೋವಿಂದ್ ಅವರು ಅದನ್ನು ವಸ್ತುಸಂಗ್ರಹಾಲಯವಾಗಿ ಉದ್ಘಾಟಿಸಿದರು. ಅದು ಸರಕಾರದ ಕೈಯಲ್ಲಿದ್ದ ಕಟ್ಟಡ, ದೇಶಕ್ಕೆ ಬೇಕಾದ ನೆನಪು. ಐನ್‌ಮನೆಯ ವಿಷಯದಲ್ಲಿ ಆ ಪಟ್ಟನ್ನು ಒಕ್ಕವೇ ಹಿಡಿಯಬೇಕು.

## 2. ಒಕ್ಕವನ್ನು ಕೂಡಿಸುವುದು

ನಾಲ್ಕು ಜನ ಸೇರಿದ್ರೆ ಐದು ಅಭಿಪ್ರಾಯ. ಕೆಲಸ ಶುರು ಮಾಡೋದು ಹೇಗೆ?

ಮಾಡಿನ ಲೆಕ್ಕ ಹಾಕುವ ಮೊದಲು ಜನರ ಲೆಕ್ಕ ಹಾಕಿ. ಯಾವ ಯಾವ ಕವಲು, ಯಾರು ಎಲ್ಲಿದ್ದಾರೆ, ದಾಖಲೆಯಲ್ಲಿ ಪಟ್ಟೆದಾರ (ಒಕ್ಕದ ಮುಖ್ಯಸ್ಥ) ಯಾರು ಎಂದು ಬರೆದಿಟ್ಟುಕೊಳ್ಳಿ. ಪುತ್ತರಿ ಅಥವಾ ಕೈಲ್‌ಪೊಳ್ದ್ (ಆಯುಧಗಳ ಪೂಜೆಯ ಹಬ್ಬ) ಹೊತ್ತಿಗೆ ಸಭೆ ಕರೆಯಿರಿ, ಆಗ ಬರುವವರೇ ಹೆಚ್ಚು. ಸಭೆಯನ್ನು ಕಲ್ಯಾಣ ಮಂಟಪದಲ್ಲಿ ಇಡಬೇಡಿ. ಐನ್‌ಮನೆಯ ಕಯ್ಯಾಲೆಯಲ್ಲೇ ಇಡಿ, ಸೋರುವ ಜಾಗ ಎಲ್ಲರ ಕಣ್ಣಿಗೂ ಬೀಳಲಿ.

ಮೊದಲ ಸಭೆಯಲ್ಲಿ ಎರಡೇ ಪ್ರಶ್ನೆ ಸಾಕು: ಮುಂದಿನ ಮಳೆಗಾಲದೊಳಗೆ ಮಾಡು ಭದ್ರ ಮಾಡೋಣವೇ? ಹಣದ ಲೆಕ್ಕ ಯಾರು ಇಡುತ್ತಾರೆ? ಟೈಲ್ಸ್ ಯಾವ ಬಣ್ಣ, ಬಣ್ಣ ಯಾವುದು ಎಂಬ ಮಾತು ಬಂತೋ, ಸಂಜೆ ಅಲ್ಲೇ ಕಳೆಯುತ್ತದೆ. ಒಪ್ಪದ ಒಂದೆರಡು ಮನೆಗಳನ್ನು ಬಿಟ್ಟು ಮುಂದೆ ಹೋಗುವುದು ಸುಲಭ, ಆದರೆ ಮುಂದೆ ಕೋರ್ಟಿನಲ್ಲಿ ಭೇಟಿಯಾಗುವುದು ಅವರನ್ನೇ. ಪಟ್ಟೆದಾರರು ಖುದ್ದಾಗಿ ಅವರ ಮನೆಗೆ ಹೋಗಿ ಮಾತಾಡಲಿ, ಆಗ ಎಷ್ಟೋ ಹಳೆಯ ಮುನಿಸು ಇಳಿಯುತ್ತದೆ.

ಒಕ್ಕಗಳಿಗೆ ಒಟ್ಟಾಗಿ ದುಡಿಯಲು ಬರುವುದಿಲ್ಲ ಎನ್ನುವವರಿಗೆ ನಾನು ಕೊಡವ ಹಾಕಿ ಹಬ್ಬ ತೋರಿಸುತ್ತೇನೆ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಶುರುಮಾಡಿದ ಆ ಹಬ್ಬದ ಹೊಣೆಯನ್ನು ವರ್ಷಕ್ಕೊಂದು ಒಕ್ಕ ಹೊರುತ್ತ ಬಂದಿದೆ. ಅಷ್ಟು ದೊಡ್ಡ ಕೆಲಸ ನಡೆಸಬಲ್ಲವರಿಗೆ ಒಂದು ಮಾಡು ಹೆಚ್ಚಲ್ಲ.

ಸಂಘ ಅಂತ ರಿಜಿಸ್ಟರ್ ಮಾಡಿಸಲೇಬೇಕಾ?

ಚಿಕ್ಕ ರಿಪೇರಿಗೆ ಬೇಡ. ದೊಡ್ಡ ಮೊತ್ತ ಸೇರಿಸುವುದಾದರೆ ಮಾಡಿಸಿ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಮಂದಿ ಸದಸ್ಯರಿದ್ದರೆ ಸಾಕು. ಬ್ಯಾಂಕ್ ಖಾತೆ ಸಂಘದ ಹೆಸರಲ್ಲಿರಲಿ, ಚೆಕ್ಕಿಗೆ ಇಬ್ಬರ ಸಹಿ ಇರಲಿ, ಆ ಇಬ್ಬರು ಬೇರೆ ಬೇರೆ ಕವಲಿನವರಾಗಿರಲಿ. ಜಾಗದ ಹಕ್ಕು ಸಂಘಕ್ಕೆ ಬರುವುದಿಲ್ಲ, ಒಕ್ಕದಲ್ಲೇ ಉಳಿಯುತ್ತದೆ ಎಂದು ನಿರ್ಣಯದಲ್ಲಿ ಸ್ಪಷ್ಟವಾಗಿ ಬರೆಸಿ. ಈ ಒಂದು ಸಾಲು ಬಹಳ ಅನುಮಾನಗಳನ್ನು ನೀಗಿಸುತ್ತದೆ.

ತಲಾ ಇಷ್ಟು ಅಂತ ಹಾಕಿದ್ರೆ ಕೊಡೋಕಾಗದವರ ಗತಿ ಏನು?

ಮನೆಗಿಷ್ಟು ಎಂದು ಚಿಕ್ಕ ಮೊತ್ತ ಗೊತ್ತುಮಾಡಿ, ಎಲ್ಲರಿಗೂ ಒಂದೇ. ಅದರ ಮೇಲೆ ಕೊಡುವುದು ಅವರವರ ಇಷ್ಟ. ಕೊಡಲಾಗದವರು ಮರ ಕೊಡಬಹುದು, ಆಳುಕಾಳಿನ ಊಟ ನೋಡಿಕೊಳ್ಳಬಹುದು, ದಿನಾ ಬಂದು ಕೆಲಸದ ಮೇಲ್ವಿಚಾರಣೆ ಮಾಡಬಹುದು. ಲೆಕ್ಕದ ಪುಸ್ತಕದಲ್ಲಿ ಅದನ್ನೂ ಹಣದಷ್ಟೇ ಮರ್ಯಾದೆಯಿಂದ ಬರೆಯಿರಿ. ಹೆಚ್ಚು ಕೊಟ್ಟವರ ಹೆಸರನ್ನು ಗೋಡೆಗೆ ಕೆತ್ತಿಸುವುದಕ್ಕೆ ನನ್ನ ವಿರೋಧವಿದೆ. ಕಾರೋಣನ ಮುಂದೆ ಎಲ್ಲರೂ ಒಂದೇ ಎನ್ನುವ ಮನೆಯಲ್ಲಿ ಅದು ಕಣ್ಣಿಗೆ ಚುಚ್ಚುತ್ತದೆ.

ನಾನು ಅಮೆರಿಕದಲ್ಲಿದ್ದೇನೆ. ನೇರ ಸಂಘದ ಖಾತೆಗೆ ದುಡ್ಡು ಹಾಕಬಹುದಾ?

ಪಾಸ್‌ಪೋರ್ಟ್ ಯಾವ ದೇಶದ್ದು ಎನ್ನುವುದರ ಮೇಲಿದೆ. ಭಾರತದ ಪೌರರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸುವ ಹಣ 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ಲೆಕ್ಕದಲ್ಲಿ ವಿದೇಶಿ ದೇಣಿಗೆ ಅಲ್ಲ. ಬೇರೆ ದೇಶದ ಪೌರತ್ವ ಪಡೆದವರು, ಓಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ದರೂ, ವಿದೇಶಿ ಮೂಲವೆಂದೇ ಲೆಕ್ಕ. ಆ ಕಾಯ್ದೆಯಡಿ ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದ ಸಂಘ ಅವರಿಂದ ಹಣ ಪಡೆಯುವಂತಿಲ್ಲ. ಕಳಿಸುವ ಮೊದಲು ಊರಿನ ಆಡಿಟರನ್ನು ಕೇಳಿ.

ನಾನು ಮದುವೆಯಾಗಿ ಬೇರೆ ಒಕ್ಕಕ್ಕೆ ಬಂದವಳು. ತವರಿನ ಐನ್‌ಮನೆಗೆ ಕೈಜೋಡಿಸಿದ್ರೆ ತಪ್ಪು ತಿಳೀತಾರಾ?

ತಿಳಿಯಬಾರದು. ತಾಮನೆಯ ಹೆಣ್ಣುಮಕ್ಕಳು ಬಂದಾಗಲೇ ಆ ಮನೆಯಲ್ಲಿ ಹಬ್ಬ. ಯಾವ ಕೋಣೆಯಲ್ಲಿ ಏನಿತ್ತು, ಕಪಾಟು ಎಲ್ಲಿತ್ತು, ಪುತ್ತರಿಯ ಕದಿರು ಎಲ್ಲಿ ಕಟ್ಟುತ್ತಿದ್ದರು ಎಂದು ಕರಾರುವಾಕ್ಕಾಗಿ ಹೇಳಬಲ್ಲವರು ಬಹುತೇಕ ನೀವೇ. ಹಣಕ್ಕಿಂತ ಮೊದಲು ಆ ನೆನಪನ್ನು ಒಕ್ಕದವರಿಗೆ ಬರೆಸಿ. ದುರಸ್ತಿ ಸಮಿತಿಯಲ್ಲಿ ಹೆಣ್ಣುಮಕ್ಕಳಿಲ್ಲದಿದ್ದರೆ ಆ ಸಮಿತಿ ಅರ್ಧ ಕುರುಡು.

## 3. ಕೆಲಸಕ್ಕೆ ಕೈ ಹಾಕಿದಾಗ

ಎಲ್ಲಾ ಕಡೆಯೂ ಹಾಳಾಗಿದೆ. ಮೊದಲು ಯಾವುದು?

ನೀರು. ಮಾಡಿನಿಂದ ಇಳಿಯುವ ನೀರು, ಅಂಗಳದಿಂದ ಹೊರಹೋಗದ ನೀರು, ಗೋಡೆಯ ಬುಡಕ್ಕೆ ಹಿಂದಿನ ದಿಣ್ಣೆಯಿಂದ ಬರುವ ನೀರು. ಮೂರನ್ನೂ ತಡೆಯದೆ ಬೇರೇನು ಮಾಡಿದರೂ ವ್ಯರ್ಥ. ಭಾಗಮಂಡಲದ ಕಡೆ ವರ್ಷಕ್ಕೆ 5,000 ಮಿಲಿಮೀಟರ್ ದಾಟುವ ಮಳೆ ಹೊಯ್ಯುತ್ತದೆ. ಒಂದು ಒಡೆದ ಹೆಂಚು ಸಾಕು. ನೀರು ಹೆಂಚು ಕೂರುವ ರೀಪಿಗೆ ಇಳಿದು, ಪಕ್ಕಾಸು (ಮಾಡಿನ ಇಳಿಜಾರು ಮರ) ಹಿಡಿದು ಜಾರಿ, ಗೋಡೆಯ ತಲೆಯ ಮೇಲಿನ ತೊಲೆಯಲ್ಲಿ ನಿಲ್ಲುತ್ತದೆ. ಮೇಲಿನಿಂದ ನೋಡಿದರೆ ಎಲ್ಲ ಗಟ್ಟಿಯಾಗಿಯೇ ಕಾಣುತ್ತದೆ. ಪಕ್ಕಾಸು ಗೋಡೆಗೆ ಸೇರುವ ಕಡೆ ಸ್ಕ್ರೂಡ್ರೈವರಿನ ತುದಿ ಒತ್ತಿ ನೋಡಿ. ಗಟ್ಟಿ ಮರ ತಡೆಯುತ್ತದೆ, ಕೊಳೆತದ್ದು ನೆನೆದ ರಸ್ಕಿನಂತೆ ಒಳಗೆ ಬಿಡುತ್ತದೆ. ಪ್ರತಿ ಪಕ್ಕಾಸಿಗೂ ಸೀಮೆಸುಣ್ಣದಲ್ಲಿ ನಂಬರ್ ಹಾಕಿ, ಯಾವುದು ಹೋಗಿದೆ ಎಂದು ಪಟ್ಟಿ ಮಾಡಿ. ಪೂರಾ ಮಾಡು ಇಳಿಸಬೇಕೆಂದು ಮೇಸ್ತ್ರಿ ಹೇಳಿದ ಕಡೆಯೂ ಪಟ್ಟಿ ಮಾಡಿದ ಮೇಲೆ ಮುಕ್ಕಾಲು ಪಾಲು ಮರ ಗಟ್ಟಿಯೇ ಇರುವುದುಂಟು.

ಹೆಂಚು ಇಳಿಸುವಾಗ ಹಳೆಯದನ್ನು ಬಿಸಾಡಬೇಡಿ. ತೊಳೆದು, ಬೆರಳಿನ ಗೆಣ್ಣಿನಿಂದ ತಟ್ಟಿ ನೋಡಿ, ಠಣ್ ಎಂದದ್ದನ್ನೆಲ್ಲ ಮುಂದಿನ ಮಾಡಿಗೆ ಮತ್ತೆ ಹಾಕಿ. ಹೊಸದು ಬೇಕಾದರೆ ಹಿಂದಿನ ಮಾಡಿಗೆ ಹೋಗಲಿ, ಅಳತೆ ಬೇರೆಯಿದ್ದರೆ ಎರಡನ್ನೂ ಬೆರೆಸಬೇಡಿ.

ಯಾವ ತಿಂಗಳಲ್ಲಿ ಮಾಡಿಸೋದು?

ಪುತ್ತರಿ ಕಳೆದ ಮೇಲೆ ಶುರುಮಾಡಿ ಏಪ್ರಿಲ್ ಒಳಗೆ ಮಾಡು ಮುಚ್ಚಬೇಕು. ಆ ಹೊತ್ತಿಗೇ ಕಾಫಿ ಕುಯ್ಲು ಇರುವುದರಿಂದ ಆಳು ಸಿಗುವುದು ಕಷ್ಟ, ಮೊದಲೇ ಮಾತಾಡಿಕೊಳ್ಳಿ. ಏಪ್ರಿಲ್ ಮಳೆಗೆ ಟಾರ್ಪಾಲು ಸಿದ್ಧವಿರಲಿ.

ಗೋಡೆ ಉದುರ್ತಾ ಇದೆ, ಸಿಮೆಂಟ್ ಹೊಡೆಸಿದ್ರೆ ಗಟ್ಟಿ ಆಗಲ್ವಾ?

ನನಗೆ ಬರುವ ಪ್ರಶ್ನೆಗಳಲ್ಲಿ ಇದೇ ಹೆಚ್ಚು, ನನಗೆ ಸಂಕಟವಾಗುವುದೂ ಇದರಲ್ಲೇ. ಮಣ್ಣಿನ ಗೋಡೆ ನೆಲದ ತೇವವನ್ನು ಎಳೆದುಕೊಂಡು ಎರಡೂ ಮುಖದಿಂದ ಗಾಳಿಗೆ ಬಿಡುತ್ತಿರುತ್ತದೆ. ಸಿಮೆಂಟ್ ಗಾರೆ ಆ ದಾರಿ ಮುಚ್ಚುತ್ತದೆ. ಒಳಗೇ ಉಳಿದ ತೇವ ಮೇಲಕ್ಕೆ ಹತ್ತಿ ತೊಲೆ ಮುಟ್ಟುತ್ತದೆ. ಒಂದೆರಡು ಮಳೆಗಾಲ ಗೋಡೆ ಚೆಂದ ಕಾಣುತ್ತದೆ. ಆಮೇಲೆ ಸಿಮೆಂಟ್ ಹಾಳೆಹಾಳೆಯಾಗಿ ಎದ್ದು, ಬರುವಾಗ ಮಣ್ಣನ್ನೂ ಕಿತ್ತುಕೊಂಡು ಬರುತ್ತದೆ. ನಮ್ಮ ಒಕ್ಕದ ಕೆಲಸದಲ್ಲಿ ಗುತ್ತಿಗೆದಾರರೊಬ್ಬರು ನಾವಿಲ್ಲದ ದಿನ ಅಡುಗೆಮನೆಯ ಗೋಡೆಗೆ ಸಿಮೆಂಟ್ ಎಳೆದುಬಿಟ್ಟಿದ್ದರು. ಅದನ್ನು ಉಳಿಯಿಂದ ಬಿಡಿಸುವಾಗ ಹಿಂದಿನ ಮಣ್ಣು ಕೈಗೆ ಹಸಿಹಸಿಯಾಗಿ ಬಂತು, ಬೇಸಿಗೆಯ ನಡುವಿನಲ್ಲಿ.

ಬೇಕಾದದ್ದು ಸುಣ್ಣದ ಗಾರೆ. ಸುಣ್ಣವನ್ನು ನೀರಿನಲ್ಲಿ ಅರಳಿಸಿ ವಾರಗಟ್ಟಲೆ ಗುಂಡಿಯಲ್ಲಿ ನೆನೆಯಲು ಬಿಡಬೇಕು. ಒಂದು ಪಾಲು ಸುಣ್ಣಕ್ಕೆ ಸುಮಾರು ಮೂರು ಪಾಲು ಮರಳು. ಬೆಲ್ಲದ ನೀರು, ಅಳಲೆಕಾಯಿಯ ಕಷಾಯ ಸೇರಿಸುವ ರೂಢಿ ಹಳೆಯದು, ಒಳ್ಳೆಯದು. ತೆಳುವಾಗಿ ಎಳೆದು, ಬಿಸಿಲು ತಾಗದಂತೆ ಗೋಣಿ ಇಳಿಬಿಟ್ಟು, ದಿನಾ ನೀರು ಚಿಮುಕಿಸಬೇಕು. ಸುಣ್ಣ ಗಾಳಿಯಿಂದ ನಿಧಾನವಾಗಿ ಗಟ್ಟಿಯಾಗುತ್ತದೆ, ಅವಸರ ಮಾಡಿದರೆ ಬಿರುಕು. ಬರೀ ಮಣ್ಣಿನ ಗೋಡೆಗೆ ಮೊದಲು ಮಣ್ಣಿನದೇ ಮೆತ್ತು, ಅದರ ಮೇಲೆ ಸುಣ್ಣ. ಪ್ಲಾಸ್ಟಿಕ್ ಪೇಂಟ್ ಹೊಡೆದರೆ ಈ ಶ್ರಮವೆಲ್ಲ ಹಾಳು, ಮೇಲೂ ಸುಣ್ಣವೇ ಇರಲಿ.

ಕಂಬದ ಬುಡಕ್ಕೆ ಗೆದ್ದಲು ಹತ್ತಿದೆ. ಕಂಬವನ್ನೇ ತೆಗೆಯಬೇಕಾ?

ಬೇಡ. ಕೆಟ್ಟಷ್ಟನ್ನು ಮಾತ್ರ ಕತ್ತರಿಸಿ, ಅದೇ ಜಾತಿಯ ಒಣಗಿದ ಮರದ ತುಂಡನ್ನು ಓರೆಯಾಗಿ ಕೂಡಿಸಿ ಮರದ ಬೆಣೆ ಹೊಡೆಯಬಹುದು. ಒಳ್ಳೆಯ ಆಚಾರಿ ಮಾಡಿದ ಕೂಡಿಕೆ ಹತ್ತಿರ ಹೋದರೇ ಕಾಣುವುದು. ಗೆದ್ದಲು ಎಲ್ಲಿಂದ ಹತ್ತಿತು ಎಂದೂ ನೋಡಿ. ಗೋಡೆಯ ಮೇಲೆ ಪೆನ್ಸಿಲ್ ದಪ್ಪದ ಮಣ್ಣಿನ ಕೊಳವೆ ಕಾಣುತ್ತದೆ. ಅದನ್ನು ಹಿಡಿದು ಕೆಳಗೆ ಹೋದರೆ ಬಹುತೇಕ ಸೌದೆ ರಾಶಿಯೋ ಸೋರುವ ನಲ್ಲಿಯೋ ಸಿಗುತ್ತದೆ. ಕಂಬ ನೆಲ ಮುಟ್ಟದೆ ಕಲ್ಲಿನ ಮೇಲೇ ನಿಂತಿರಬೇಕು. ಅಂಗಳಕ್ಕೆ ಮೇಲಿಂದ ಮೇಲೆ ಕಾಂಕ್ರೀಟ್ ಹಾಕಿ ಆ ಕಲ್ಲನ್ನೇ ಹೂತ ಮನೆಗಳಿವೆ. ಮರಕ್ಕೆ ಗೇರುಬೀಜದ ಸಿಪ್ಪೆಯ ಎಣ್ಣೆ ಹಳೆಯ ಕಾವಲು. ಬಳಿಯುವಾಗ ಕೈಗೆ ಗ್ಲೌಸ್ ಹಾಕಿ, ಚರ್ಮ ಸುಡುತ್ತದೆ.

ನಮ್ಮದೇ ಬಾಣೆಯಲ್ಲಿ (ಗದ್ದೆಗೆ ಸೇರಿದ ಕಾಡುಜಾಗದಲ್ಲಿ) ಮರ ಇದೆ. ಕಡಿದು ಬಳಸಬಹುದಲ್ವಾ?

ಅನುಮತಿಯಿಲ್ಲದೆ ಕೊಡಲಿ ಇಡಬೇಡಿ. 1976ರ ಮರ ಸಂರಕ್ಷಣಾ ಕಾಯ್ದೆ ಇದೆ. ಅದರ ಮೇಲೆ ಜಮ್ಮಾ ಬಾಣೆ ರಿಡೀಮ್ ಆಗಿದೆಯೋ (ಮರದ ಬೆಲೆ ಸರಕಾರಕ್ಕೆ ಕಟ್ಟಿ ಬಿಡಿಸಿಕೊಂಡಿದೆಯೋ) ಇಲ್ಲವೋ ಎಂಬುದೂ ಮುಖ್ಯ, ಆಗದಿದ್ದರೆ ಮರದ ಹಕ್ಕು ಸರಕಾರದಲ್ಲಿರಬಹುದು. ಅರಣ್ಯ ಇಲಾಖೆಗೆ ಅರ್ಜಿ ಕೊಟ್ಟು ಕಾಯಬೇಕಾಗುತ್ತದೆ. ಕಡಿದ ಮೇಲೂ ಮರ ನೆರಳಲ್ಲಿ ಒಣಗಬೇಕು, ಹಸಿ ಮರದ ಪಕ್ಕಾಸು ಮುಂದಿನ ವರ್ಷವೇ ತಿರುಚುತ್ತದೆ. ಹಾಗಾಗಿ ಬೇರೆ ಕೆಲಸ ಶುರುವಾಗುವ ಮೊದಲೇ ಈ ಅರ್ಜಿ ಕೊಟ್ಟಿರಿ.

ಐಮರಕ್ಕೆ ಯಾರೋ ಹಸಿರು ಪೇಂಟ್ ಹೊಡೆದಿದ್ದಾರೆ. ತೆಗೆಯೋದು ಹೇಗೆ?

ಮೆಷಿನ್ನಿನಿಂದ ಉಜ್ಜಿಸಬೇಡಿ, ಕೆತ್ತನೆಯ ಅಂಚೇ ಹೋಗುತ್ತದೆ. ಪೇಂಟ್ ಬಿಡಿಸುವ ದ್ರಾವಣವನ್ನು ಅಂಗೈಯಗಲ ಜಾಗಕ್ಕೆ ಹಚ್ಚಿ, ಉಬ್ಬಿದ ಮೇಲೆ ಬಿದಿರಿನ ಚಕ್ಕೆಯಿಂದ ಎಬ್ಬಿಸಿ. ಹಳೆಯ ಪೇಂಟಿನಲ್ಲಿ ಸೀಸ ಇರಬಹುದು, ಮಾಸ್ಕ್ ಹಾಕಿ, ಮಕ್ಕಳನ್ನು ದೂರವಿಡಿ. ಹಸಿರಿನ ಕೆಳಗೆ ನೀಲಿ, ಅದರ ಕೆಳಗೆ ಕಂದು, ಕೊನೆಗೆ ತಲೆಮಾರುಗಳು ಕೂತು ಸವೆಸಿದ ಮರದ ನುಣುಪು ಸಿಗುತ್ತದೆ. ಅಲ್ಲಿಗೆ ನಿಲ್ಲಿಸಿ. ಕೂತ ಗುರುತನ್ನು ಸಮ ಮಾಡಿ ಪಾಲಿಶ್ ಹೊಡೆಸಬೇಡಿ.

ಬಾತ್‌ರೂಮ್, ಕರೆಂಟ್ ಇಲ್ಲದೆ ಯಾರು ಬರ್ತಾರೆ?

ಸರಿಯಾದ ಮಾತು. ವಯಸ್ಸಾದವರು ರಾತ್ರಿ ತಂಗಲಾರದ ಮನೆ ಬೇಗ ಬೀಗ ಕಾಣುತ್ತದೆ. ಶೌಚಾಲಯ, ಬಚ್ಚಲನ್ನು ಹಿಂಬದಿಗೆ ಹೊಂದಿಸಿ, ಆದರೆ ಹಳೆಯ ಗೋಡೆಗೆ ಅಂಟಿಸದೆ ಕಟ್ಟಿ. ನೀರಿನ ಪೈಪು ಮಣ್ಣಿನ ಗೋಡೆಯೊಳಗೆ ಹೋಗಬಾರದು. ಹಳೆಯ ಬಟ್ಟೆಸುತ್ತಿನ ವೈರ್ ಇದ್ದರೆ ಪೂರಾ ಬದಲಿಸಿ, ಮರದ ಮುಚ್ಚಿಗೆಯ ಮನೆಗೆ ಶಾರ್ಟ್ ಸರ್ಕ್ಯೂಟೇ ದೊಡ್ಡ ಶತ್ರು.

ಇಂಥ ಕೆಲಸ ಗೊತ್ತಿರೋ ಆಚಾರಿಗಳು ಎಲ್ಲಿದ್ದಾರೆ?

ಕಡಿಮೆ ಇದ್ದಾರೆ, ಆದರೆ ಇದ್ದಾರೆ. ಈಗಾಗಲೇ ಕೆಲಸ ಮುಗಿಸಿದ ಒಕ್ಕದವರನ್ನು ಕೇಳಿ, ಹೋಗಿ ನೋಡಿ. ಪರಂಪರೆಯ ಉಳಿವಿಗೆಂದು 1984ರಲ್ಲಿ ಶುರುವಾದ ಇಂಟ್ಯಾಕ್ ಸಂಸ್ಥೆಯ ಕೊಡಗು ಘಟಕವಿದೆ, ಸಲಹೆ ಕೇಳಬಹುದು. ಹಿರಿಯ ಆಚಾರಿ ಸಿಕ್ಕರೆ ಒಕ್ಕದ ಖರ್ಚಿನಲ್ಲೇ ಒಬ್ಬ ಹುಡುಗನನ್ನು ಜೊತೆಗೆ ಕಲಿಯಲು ಬಿಡಿ.

## 4. ಕಠಿಣ ಪ್ರಶ್ನೆಗಳು

ರಿಪೇರಿಗಿಂತ ಕೆಡವಿ ಆರ್‌ಸಿಸಿ ಹಾಕೋದೇ ಅಗ್ಗ ಅಂತಾರೆ. ಹೊಸ ಐನ್‌ಮನೆ ಕಟ್ಟಿದ್ರೆ ಏನು ತಪ್ಪು?

ನಿರ್ಧಾರ ಒಕ್ಕದ್ದು. ಕೆಡವಿ ಕಟ್ಟಿದ ಮನೆಯಲ್ಲೂ ತೂಕ್ ಬೊಳ್ಚ ಉರಿಯುತ್ತದೆ, ಎಡೆ ಸಲ್ಲುತ್ತದೆ, ಅದನ್ನು ಕೀಳಾಗಿ ನೋಡುವ ಹಕ್ಕು ಯಾರಿಗೂ ಇಲ್ಲ. ಆದರೂ ಅಗ್ಗ ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಹೋಲಿಕೆ ಮಾಡುವಾಗ ಇಡೀ ಹಳೆಯ ಮನೆಯನ್ನು ಒಂದೇ ವರ್ಷದಲ್ಲಿ ಹೊಸದು ಮಾಡುವ ಲೆಕ್ಕ ಹಾಕುತ್ತಾರೆ. ಹಳೆಯ ಮನೆಗೆ ಹಾಗೆ ಬೇಕಾಗಿಲ್ಲ. ಈ ವರ್ಷ ಮುಂದಿನ ಮಾಡು, ಬರುವ ವರ್ಷ ಹಿಂದಿನದು, ಆಮೇಲೆ ಗೋಡೆ ಎಂದು ಕಂತಿನಲ್ಲಿ ಮುಗಿಸಬಹುದು. ಇಂಥ ಬೀಟೆ, ತೇಗ, ಹಲಸಿನ ತೊಲೆಗಳನ್ನು ಇವತ್ತು ಎಷ್ಟು ಹಣ ಕೊಟ್ಟರೂ ತರಲಾಗುವುದಿಲ್ಲ. ಅದನ್ನೂ ಲೆಕ್ಕದಲ್ಲಿ ಬರೆಯಿರಿ. ಕೆಡವುವ ನಿರ್ಣಯ ಆಗಿದ್ದರೂ ಒಂದು ಮಳೆಗಾಲ ಟಾರ್ಪಾಲು ಹೊದಿಸಿ ತಡೆಯಿರಿ, ಮತ್ತೊಂದು ಸಭೆ ಕರೆಯಿರಿ.

ಹಳೇ ಬಾಗಿಲು, ಕಂಬಕ್ಕೆ ಒಳ್ಳೆ ರೇಟ್ ಕೊಡ್ತೀವಿ ಅಂತ ಬರ್ತಾರೆ. ಅದೇ ದುಡ್ಡಲ್ಲಿ ಮಾಡು ಹಾಕಿಸಬಹುದಲ್ವಾ?

ಹಾಕಿಸಬಹುದು, ಆಮೇಲೆ ಆ ಮಾಡಿನ ಕೆಳಗೆ ಉಳಿಯುವುದೇನು? ಒಬ್ಬಿಬ್ಬರು ಸೇರಿ ಒಕ್ಕದ ಸೊತ್ತನ್ನು ಮಾರುವುದು ಉಳಿದವರ ಹಕ್ಕಿಗೆ ಕೈಹಾಕಿದಂತೆ, ವ್ಯಾಜ್ಯಕ್ಕೂ ದಾರಿ. ಕೆತ್ತನೆ, ದೀಪ, ಒಡಿಕತ್ತಿ, ಪೀಚೆಕತ್ತಿ, ಪಾತ್ರೆ ಎಲ್ಲದರ ಫೋಟೋ ತೆಗೆದು, ಅಳತೆ ಬರೆದು, ಪಟ್ಟಿಯ ಪ್ರತಿಯನ್ನು ಪ್ರತಿ ಕವಲಿಗೂ ಕೊಡಿ. ಕಳುವಾದರೆ ಪೊಲೀಸರಿಗೆ ಕೊಡಲೂ ಅದೇ ದಾಖಲೆ.

ಹೋಂಸ್ಟೇ ಮಾಡಿದ್ರೆ ಖರ್ಚು ತಾನಾಗಿ ಹುಟ್ಟುತ್ತಲ್ಲ?

ಐನ್‌ಮನೆಯೊಳಗೆ ಬೇಡ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ನೆಲ್ಲಕ್ಕಿ ನಡುಬಾಡೆ ಪ್ರವಾಸಿಗರ ಡೈನಿಂಗ್ ಹಾಲ್ ಆದ ದಿನ ಒಕ್ಕದ ಮಕ್ಕಳು ಅಲ್ಲಿ ಅತಿಥಿಗಳಾಗುತ್ತಾರೆ. ಬರುವ ಹಣದ ಹಂಚಿಕೆಗೆ ಜಗಳ ಬೇರೆ. ಒಕ್ಕದ ಸಾಮಾನ್ಯ ತೋಟವಿದ್ದರೆ ಅದರ ಕಾಫಿ, ಮೆಣಸಿನ ಆದಾಯದಲ್ಲಿ ಒಂದು ಪಾಲನ್ನು ಮನೆಗೆಂದು ಎತ್ತಿಡಿ. ಬಾಡಿಗೆಗೆ ಬಿಡಲೇಬೇಕಾದರೆ ದೂರದ ಬೇರೆ ಕಟ್ಟಡ ಬಿಡಿ, ಕೈಮಡದ ಕಡೆಗೆ ದಾರಿ ಇರದಂತೆ ನೋಡಿಕೊಳ್ಳಿ.

2018ರ ಭೂಕುಸಿತ ಆದಮೇಲೆ ಹೆದರಿಕೆ. ಗುಡ್ಡದ ಮೇಲಿನ ಮನೆಗೆ ದುಡ್ಡು ಸುರಿಯೋದು ಸರಿನಾ?

ಆ ಆಗಸ್ಟಿನಲ್ಲಿ ಮಕ್ಕಂದೂರು, ಕಾಲೂರು ಕಡೆ ಆದದ್ದನ್ನು ಕಂಡ ಯಾರಿಗೂ ಈ ಹೆದರಿಕೆ ಸಹಜ. ರಸ್ತೆ, ಮನೆಗಳಿಗೆಂದು ಇಳಿಜಾರನ್ನು ಕಡಿದಾಗಿ ಕತ್ತರಿಸಿದ್ದೂ ಕುಸಿತದ ಕಾರಣಗಳಲ್ಲೊಂದು ಎಂದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು ಹೇಳಿದ್ದಾರೆ. ಹಾಗಾಗಿ ಪಾರ್ಕಿಂಗ್‌ಗೆಂದು ಹಿಂದಿನ ದಿಣ್ಣೆ ಅಗೆಯಬೇಡಿ, ಮೇಲಿನಿಂದ ಬರುವ ನೀರಿಗೆ ಚರಂಡಿ ಬಿಡಿಸಿಕೊಡಿ. ನೆಲದಲ್ಲಿ ಹೊಸ ಬಿರುಕು, ಓರೆಯಾಗುತ್ತಿರುವ ಮರ, ಇದ್ದಕ್ಕಿದ್ದಂತೆ ಕೆಸರಾದ ಒರತೆ ಕಂಡರೆ ಮನೆಯ ಚಿಂತೆ ಬಿಟ್ಟು ಜನರನ್ನು ಹೊರಡಿಸಿ, ತಾಲ್ಲೂಕು ಕಚೇರಿಗೆ ತಿಳಿಸಿ. ಅಂಥ ಜಾಗದಲ್ಲಿ ಭೂವಿಜ್ಞಾನಿಗಳು ನೋಡಿ ಹೇಳುವವರೆಗೆ ದುರಸ್ತಿಗೆ ಹಣ ಹಾಕಬೇಡಿ.

ನಮ್ಮದು ಪೂರಾ ಬಿದ್ದುಹೋಗಿದೆ, ಪಂಚಾಂಗ (ಅಡಿಪಾಯದ ಕಟ್ಟೆ) ಮಾತ್ರ ಇದೆ. ಇನ್ನೇನು ಮಾಡೋಕಾಗುತ್ತೆ?

ಆ ಕಲ್ಲಿನ ಪಂಚಾಂಗವೇ ನಿಮ್ಮ ನಕ್ಷೆ. ಕಾಡು ಸವರಿ, ಮಣ್ಣು ಬಿಡಿಸಿ, ಟೇಪ್ ಹಿಡಿದು ಅಳೆದು ಬರೆಯಿರಿ. ಎಲ್ಲೆಲ್ಲಿ ಕಂಬದ ಕಲ್ಲಿದೆ ಎಂದು ಗುರುತು ಹಾಕಿ. ಆ ಮನೆಯಲ್ಲಿ ಬೆಳೆದ ಹಿರಿಯರನ್ನು ಅಲ್ಲೇ ಕೂರಿಸಿ ಕೇಳಿ, ಅವರ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ. ಹಳೆಯ ಮದುವೆ ಫೋಟೋಗಳ ಹಿನ್ನೆಲೆಯಲ್ಲಿ ಬಾಗಿಲು, ಕಂಬ ಸಿಗುತ್ತವೆ. ಬೊವ್ವೇರಿಯಂಡ ನಂಜಮ್ಮ ಮತ್ತು ಚಿಣ್ಣಪ್ಪ ದಂಪತಿ ಕೊಡಗಿನುದ್ದಕ್ಕೂ ನೂರಾರು ಐನ್‌ಮನೆಗಳಿಗೆ ಹೋಗಿ ದಾಖಲಿಸಿದ್ದಾರೆ, ಅದರಲ್ಲಿ ನಿಮ್ಮ ಒಕ್ಕದ ಹೆಸರಿದೆಯೇ ನೋಡಿ.

ಕೈಮಡ ನಿಂತಿದ್ದರೆ ಅದನ್ನು ಮೊದಲು ಸರಿಪಡಿಸಿ, ವರ್ಷಕ್ಕೊಮ್ಮೆ ಕಾರೋಣಂಗ್ ಕೊಡ್ಪಕ್ಕೆ (ಹಿರಿಯರಿಗೆ ಎಡೆ ಇಡುವ ಆಚರಣೆಗೆ) ಒಕ್ಕವೆಲ್ಲ ಅಲ್ಲಿ ಸೇರಲಿ. ಮನೆ ಮತ್ತೆ ಎದ್ದೇಳಬೇಕಾದರೆ ಇಡೀ ಮನೆ ಒಮ್ಮೆಗೇ ಬೇಕಿಲ್ಲ. ನಡುಬಾಡೆ ಮತ್ತು ಕಯ್ಯಾಲೆಯನ್ನು ಅದೇ ಪಂಚಾಂಗದ ಮೇಲೆ, ಅದೇ ದಿಕ್ಕಿಗೆ ಎಬ್ಬಿಸಿ. ಉಳಿದ ಅಂಕಣಗಳ ಕಲ್ಲನ್ನು ಮುಚ್ಚದೆ ಹಾಗೇ ಬಿಡಿ, ಮುಂದಿನವರಿಗೆ ಬೇಕಾಗುತ್ತದೆ.